ಸತ್ತ ಮಿತ್ರಕೀಟಗಳಿಗೆ ನನ್ನ ಸಹಿ: ಕೃಷಿ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ನಮ್ಮ ಪಂಚಾಯತಿನ ಮಾನ್ಯ ಕೃಷಿ ಅಧಿಕಾರಿಯವರಿಗೆ, ಮತ್ತು ಕಾಸರಗೋಡು ಜಿಲ್ಲೆಯಲ್ಲೂ ತಿರುವನಂತಪುರದಲ್ಲೂ ಇರುವ ಅವರ ಮೇಲಧಿಕಾರಿಗಳಿಗೆ,

ನಮಸ್ಕಾರ.

ನಮ್ಮ ಮನೆಯ ಜಗಲಿ ಕಿಟಕಿಯಲ್ಲಿ ಆರು ಪ್ಲಾಸ್ಟಿಕ್ ಟ್ಯೂಬುಗಳಿವೆ. ಬಾಯಿಗೆ ಹತ್ತಿ ತುರುಕಿದೆ. ಒಂದೊಂದರ ತಳದಲ್ಲೂ ನೂರರಷ್ಟು ಕಪ್ಪು ಚುಕ್ಕೆಗಳು. ಮೊನ್ನೆ ಮೊಮ್ಮಗಳು ಒಂದನ್ನು ಅಲ್ಲಾಡಿಸಿ, "ಅಜ್ಜ, ಇದು ಎಳ್ಳಾ?" ಎಂದು ಕೇಳಿದಳು. ಎಳ್ಳಲ್ಲ ಮಗಾ, ಕಣಜ ಎಂದೆ. ತೆಂಗಿನ ಕಪ್ಪು ತಲೆ ಹುಳುವನ್ನು ಕೊಲ್ಲಲಿ ಎಂದು ನಿಮ್ಮ ಕಚೇರಿಯಿಂದ ನನಗೆ ಕೊಟ್ಟ ಕಣಜ. ಹೆಸರು ಗೋನಿಯೋಜಸ್. ನನ್ನ ಕೈಗೆ ಬರುವಾಗಲೇ ಅಷ್ಟೂ ಸತ್ತಿದ್ದವು.

ಊರಿನ ಹೆಸರನ್ನೂ ನಿಮ್ಮ ಹೆಸರನ್ನೂ ನಾನು ಬರೆಯುವುದಿಲ್ಲ. ಒಬ್ಬರನ್ನು ಬೈದು ಮುಗಿಸುವ ವಿಷಯ ಇದಲ್ಲ. ಮೇಲಾಗಿ ನೀವು ಒಳ್ಳೆಯವರು ಎಂದು ನನಗೆ ಗೊತ್ತಿದೆ. ಆದರೆ ನಡೆದದ್ದನ್ನು ನಡೆದ ಹಾಗೇ ಹೇಳದಿದ್ದರೆ ಮುಂದಿನ ಬೇಸಿಗೆಯಲ್ಲೂ ಇದೇ ನಡೆಯುತ್ತದೆ.

ಫೆಬ್ರವರಿಯಲ್ಲಿ ತೆಂಗಿನಕಾಯಿ ಕೀಳಲು ಬಂದವನು ಮರದಿಂದ ಇಳಿದು, "ಅಣ್ಣ, ಅಡಿಯ ಮಡಲೆಲ್ಲ ಬೆಂಕಿ ತಾಗಿದ ಹಾಗೆ ಇದೆ" ಎಂದ. ಒಂದು ಮಡಲು ಕಡಿದು ಹಾಕಿಸಿದೆ. ಮಗುಚಿ ನೋಡಿದರೆ ಗರಿಯ ಅಡಿಭಾಗದಲ್ಲಿ ಉದ್ದಕ್ಕೆ ಗೂಡು. ನೂಲಿಗೆ ತನ್ನದೇ ಹಿಕ್ಕೆ ಅಂಟಿಸಿ ಹುಳು ಸುರಂಗ ಕಟ್ಟಿಕೊಳ್ಳುತ್ತದೆ. ಅದರ ಒಳಗೇ ಕುಳಿತು ಗರಿಯ ಹಸಿರನ್ನು ಕೆರೆದು ತಿನ್ನುತ್ತದೆ. ಕಡ್ಡಿಯಿಂದ ಗೂಡು ಬಿಡಿಸಿದರೆ ಕಪ್ಪು ತಲೆಯ ಹುಳು ಹಿಂದಕ್ಕೂ ಮುಂದಕ್ಕೂ ಸರಸರ ಓಡುತ್ತದೆ. ಎಣಿಸಿದೆ. ನಮ್ಮ ತೋಟದಲ್ಲಿ 30 ಮರಕ್ಕೆ ತಾಗಿತ್ತು.

ಆ ಮಡಲಿನ ತುಂಡನ್ನೇ ಕಟ್ಟಿಕೊಂಡು ನಿಮ್ಮಲ್ಲಿಗೆ ಬಂದೆ. ನೆನಪಿದೆಯಲ್ವಾ ಮೇಡಂ? ನೀವು ನೋಡಿದ ಕೂಡಲೇ ಗುರುತು ಹಿಡಿದಿರಿ. "ವಿಷ ಹೊಡೆಯಬೇಡಿ, ಜಾಸ್ತಿ ಒಣಗಿದ ಅಡಿಯ ಎರಡು ಮೂರು ಮಡಲು ಕಡಿದು ಸುಡಿ, ಮರಕ್ಕೆ 20ರ ಲೆಕ್ಕದಲ್ಲಿ ಕಣಜ ತರಿಸಿ ಕೊಡುತ್ತೇನೆ" ಎಂದಿರಿ. ನನಗೆ ಎಷ್ಟು ಖುಷಿಯಾಯಿತೆಂದರೆ, ಬಸ್ಸಿನಲ್ಲಿ ಪಕ್ಕ ಕುಳಿತವನಿಗೂ ಹೇಳಿದೆ. ಈ ಜಿಲ್ಲೆಯಲ್ಲಿ ಒಬ್ಬ ಕೃಷಿ ಅಧಿಕಾರಿ "ವಿಷ ಬೇಡ" ಎಂದು ತಾವಾಗಿ ಹೇಳುವುದಕ್ಕೆ ಇರುವ ಬೆಲೆ ಬೇರೆ ಊರಿನವರಿಗೆ ಅರ್ಥವಾಗಲಿಕ್ಕಿಲ್ಲ.

ಆಮೇಲೆ ಮೂರು ವಾರ ಸುದ್ದಿಯಿಲ್ಲ. ನಾಲ್ಕನೇ ವಾರ, ಸೋಮವಾರ ಹತ್ತೂವರೆಗೆ ಫೋನು ಬಂತು. ಓಡಿದೆ. ಟ್ಯೂಬುಗಳು ಕಬ್ಬಿಣದ ಕಪಾಟಿನ ಮೇಲೆ, ಕಿಟಕಿಯ ಪಕ್ಕ, ಬಿಸಿಲಿಗೆ ಇದ್ದವು. ಪಾರ್ಸೆಲ್ ಬಂದದ್ದು ಶುಕ್ರವಾರ ಸಂಜೆ. ಮಾರನೇ ದಿನ ಎರಡನೇ ಶನಿವಾರ, ರಜೆ. ಅದರ ಮಾರನೇ ದಿನ ಭಾನುವಾರ. ಮಾರ್ಚ್ ತಿಂಗಳ ಸೆಕೆಯಲ್ಲಿ, ಮುಚ್ಚಿದ ಕೋಣೆಯಲ್ಲಿ, ಎರಡೂವರೆ ದಿನ. ಹತ್ತಿಗೆ ಹಚ್ಚಿದ್ದ ಜೇನು ಒಣಗಿ ಗೋಂದಾಗಿತ್ತು. ಟ್ಯೂಬನ್ನು ಬೆಳಕಿಗೆ ಹಿಡಿದು ತಟ್ಟಿದೆ. ಒಂದೂ ಅಲ್ಲಾಡಲಿಲ್ಲ.

ಗುಮಾಸ್ತರು ರಿಜಿಸ್ಟರ್ ಮುಂದಿಟ್ಟರು. "ಆರು ಟ್ಯೂಬ್ ಸಿಕ್ಕಿದೆ ಎಂದು ಸಹಿ ಹಾಕಿ." ಸತ್ತಿವೆಯಲ್ಲ ಸಾರ್ ಎಂದೆ. "ಸಿಕ್ಕಿದ್ದು ನಿಜವಲ್ಲವಾ?" ಎಂದರು. ನಿಜವೇ. ಸಹಿ ಹಾಕಿದೆ. ಅದು ನನ್ನ ತಪ್ಪು. ಈಗ ನಿಮ್ಮ ದಾಖಲೆಯಲ್ಲಿ ನನ್ನ ತೋಟಕ್ಕೆ 600 ಮಿತ್ರಕೀಟ ಬಿಟ್ಟಾಗಿದೆ. ಮುಂದೆ ಯಾರಾದರೂ, "ಕಾಸರಗೋಡಿನಲ್ಲಿ ಕಣಜ ಬಿಟ್ಟು ನೋಡಿದೆವು, ಪ್ರಯೋಜನ ಆಗಲಿಲ್ಲ" ಎಂದು ವರದಿ ಬರೆದರೆ ಅದರಲ್ಲಿ ನನ್ನ ಸಹಿಯೂ ಇರುತ್ತದೆ. ಈ ಪತ್ರ ಬರೆಯಲು ಮುಖ್ಯ ಕಾರಣ ಆ ಸಹಿ.

ಆ ಎಳ್ಳಿನಷ್ಟು ಜೀವಕ್ಕೆ ಏನು ಕೆಲಸ ಗೊತ್ತು ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಿಮಗೆ ಗೊತ್ತಿದೆ, ಓದುವ ಉಳಿದವರಿಗಾಗಿ. ತಾಯಿ ಕಣಜವನ್ನು ಮರದ ಕಾಂಡದ ಮೇಲೆ ಬಿಟ್ಟರೆ ಸಾಕು, ಹುಳು ಇರುವಲ್ಲಿಗೆ ತಾನೇ ಹೋಗುತ್ತದೆ. ಸುರಂಗದೊಳಗೆ ನುಗ್ಗಿ ತನಗಿಂತ ಎಷ್ಟೋ ಪಾಲು ದೊಡ್ಡ ಹುಳುವಿಗೆ ಕುಟುಕುತ್ತದೆ. ಹುಳು ಸಾಯುವುದಿಲ್ಲ, ಲಕ್ವ ಹೊಡೆದ ಹಾಗೆ ಬೀಳುತ್ತದೆ. ಅದರ ಮೈಮೇಲೆ ಮೊಟ್ಟೆ ಇಟ್ಟು ತಾಯಿ ಪಕ್ಕದಲ್ಲೇ ಕಾವಲು ಕೂರುತ್ತದೆ. ಬೇರೆ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಮರಿಗಳು ಆ ಹುಳುವನ್ನೇ ಹೀರಿ ಬೆಳೆದು, ಬಿಳಿ ಗೂಡು ಕಟ್ಟಿ, ಎರಡು ವಾರದೊಳಗೆ ಕಣಜವಾಗಿ ಹೊರಡುತ್ತವೆ. ಆಮೇಲೆ ಅವು ಮುಂದಿನ ಹುಳು ಹುಡುಕುತ್ತವೆ. ಕೂಲಿ ಇಲ್ಲ, ಏಣಿ ಬೇಡ. ನಲುವತ್ತು ಅಡಿ ಎತ್ತರದ ಮರ ಹತ್ತಿ ಮದ್ದು ಹೊಡೆಯಲು ಈಗ ಜನ ಎಲ್ಲಿದ್ದಾರೆ ಹೇಳಿ.

ಇಂಥ ಕೆಲಸಗಾರರನ್ನು ಕಳಿಸಿಕೊಡುವ ಇಲಾಖೆ, ಅವರನ್ನು ಗೊಬ್ಬರದ ಚೀಲದ ಹಾಗೆ ನೋಡಿದರೆ ಹೇಗೆ? ಗೊಬ್ಬರ ಕಪಾಟಿನ ಮೇಲೆ ಒಂದು ತಿಂಗಳು ಇದ್ದರೂ ಗೊಬ್ಬರವೇ. ಇದು ಹಾಲಿನ ಹಾಗೆ. ಇಲ್ಲ, ಹಾಲಿಗಿಂತ ನಾಜೂಕು.

ಬಯಲಿನ ಕಥೆಯೂ ಬೇರೆಯೇನಲ್ಲ. ಭತ್ತದ ಕಾಂಡ ಕೊರೆಯುವ ಹುಳುವಿಗೆ, ಎಲೆ ಸುರುಳಿ ಹುಳುವಿಗೆ ಟ್ರೈಕೋ ಕಾರ್ಡ್, ಅಂದರೆ ಪತಂಗದ ಮೊಟ್ಟೆ ಅಂಟಿಸಿದ ಕಾರ್ಡ್, ಕೊಡುತ್ತೀರಿ. ಒಂದು ಸಿಸಿ ಕಾರ್ಡಿನಲ್ಲಿ ಹತ್ತಿರ ಹತ್ತಿರ 20,000 ಮೊಟ್ಟೆ, ಪ್ರತಿಯೊಂದರ ಒಳಗೂ ಒಂದು ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಜ. ಅದು ಶತ್ರು ಪತಂಗದ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುತ್ತದೆ. ಅಂದರೆ ಪತಂಗ ಹಾರಾಡುವಾಗಲೇ ಕಾರ್ಡ್ ಗದ್ದೆಯಲ್ಲಿರಬೇಕು. ನಮ್ಮ ಪಾಡಶೇಖರ ಸಮಿತಿಗೆ, ಅಂದರೆ ಗದ್ದೆಯವರ ಸಂಘಕ್ಕೆ, ಕಾರ್ಡ್ ಬಂದದ್ದು ಹುಳು ಕೊರೆದು ಕಾಳಿಲ್ಲದ ಬಿಳಿ ತೆನೆ ಹೊರಟ ಮೇಲೆ. ಮದುವೆ ಮುಗಿದ ಮೇಲೆ ವಾಲಗದವರು ಬಂದ ಹಾಗಾಯಿತು.

ಇನ್ನು ಎರಡನೇ ದೂರು. ಇದು ಕೊಡದಿದ್ದುದರ ಬಗ್ಗೆ ಅಲ್ಲ, ಕೊಟ್ಟದ್ದರ ಬಗ್ಗೆ.

ತೆಂಗಿಗೆ ಸುರುಳಿ ಬಿಳಿನೊಣ ಬಂತಲ್ಲ. ಮಧ್ಯ ಅಮೆರಿಕದ ಕಡೆಯ ಕೀಟ, ನಮ್ಮ ದೇಶದಲ್ಲಿ 2016ರಲ್ಲಿ ಪೊಳ್ಳಾಚಿಯ ಕಡೆ ಮೊದಲು ಕಂಡಿತು. ಬಂದ ಹೊಸದರಲ್ಲಿ ನಮಗೆಲ್ಲ ಗಾಬರಿ. ಮಡಲಿನ ಅಡಿಯಲ್ಲಿ ಹಿಟ್ಟು ಚೆಲ್ಲಿದ ಹಾಗೆ ಬಿಳಿ, ಅದರಿಂದ ತೊಟ್ಟಿಕ್ಕುವ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು. ತೆಂಗಿನ ಅಡಿಯ ಬಾಳೆ, ಒಳ್ಳೆಮೆಣಸಿನ ಬಳ್ಳಿ, ಒಗೆದು ಹರಗಿದ ಬಟ್ಟೆ ಕೂಡ ಕಪ್ಪು. ನೋಡಲು ಭಯಂಕರ, ಆದರೆ ಮರ ಸಾಯಲಿಲ್ಲ. ನಮ್ಮದೇ ಜಿಲ್ಲೆಯಲ್ಲಿ, ಹೆದ್ದಾರಿಯ ಬದಿಯಲ್ಲಿ, 1916ರಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರ ಇದೆ. ನಾವು ಸಿ.ಪಿ.ಸಿ.ಆರ್.ಐ. ಎನ್ನುವುದು ಅದನ್ನೇ. ಅಲ್ಲಿಯ ವಿಜ್ಞಾನಿಗಳು ಹೇಳಿದ್ದು ಒಂದೇ ಮಾತು: ವಿಷ ಹೊಡೆಯಬೇಡಿ, ಎನ್ಕಾರ್ಸಿಯಾ ಎಂಬ ಕಣಜ ತಾನಾಗಿಯೇ ತೋಟಕ್ಕೆ ಬಂದಿದೆ, ಅದು ಬಿಳಿನೊಣದ ಮರಿಗಳ ಒಳಗೆ ಬೆಳೆಯುತ್ತದೆ, ಅದನ್ನು ಉಳಿಸಿಕೊಳ್ಳಿ. ಕಪ್ಪು ಬೂಷ್ಟನ್ನು ಮೇಯುವ ಒಂದು ಸಣ್ಣ ದುಂಬಿಯನ್ನೂ ಕೇರಳದ ತೆಂಗಿನಲ್ಲೇ ಅವರು ಗುರುತಿಸಿದರು.

ನಾನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ಕಣಜ ಹೊಕ್ಕ ಮರಿ ಕಪ್ಪಾಗಿರುತ್ತದೆ. ಕಣಜ ಹೊರಬಂದಿದ್ದರೆ ಬೆನ್ನಿನ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ದುಂಡಗಿನ ತೂತು. ಬಿಳಿನೊಣವೇ ಹೊರಬಂದಿದ್ದರೆ ತೂತು ದುಂಡಗಿರುವುದಿಲ್ಲ, ಬೆನ್ನು ಸೀಳಿದ ಹಾಗಿರುತ್ತದೆ. ಈ ಎರಡು ಗುರುತು ಗೊತ್ತಾದರೆ ಸಾಕು, ತೋಟದಲ್ಲಿ ಯಾರು ಗೆಲ್ಲುತ್ತಿದ್ದಾರೆ ಎಂದು ಮಗುವೂ ಹೇಳಬಹುದು. ನಮ್ಮಲ್ಲಿ ದುಂಡು ತೂತುಗಳೇ ಜಾಸ್ತಿ ಇದ್ದವು.

ಅಷ್ಟರಲ್ಲಿ, ಕಳೆದ ಬೇಸಿಗೆಯ ಹಿಂದಿನ ಬೇಸಿಗೆಯಲ್ಲಿ, ಯಾವುದೋ ಯೋಜನೆಯ ದುಡ್ಡು ಮಾರ್ಚ್ 31ರ ಒಳಗೆ ಮುಗಿಸಬೇಕಿತ್ತಂತೆ. ಪವರ್ ಸ್ಪ್ರೇಯರ್ ಹೊತ್ತ ಐದಾರು ಜನ ಮನೆಮನೆಗೆ ಬಂದರು. ಬಿಳಿನೊಣಕ್ಕೆ ಮದ್ದು, ರೈತರಿಗೆ ಪುಕ್ಕಟೆ ಎಂದರು. ನಾನು ಬೇಡ ಎಂದೆ. ಬೇಲಿಯಾಚೆಯ ನಮ್ಮ ಭಾವನವರು ಪಾಪ, ಪುಕ್ಕಟೆ ಅಲ್ವಾ ಎಂದು ಹೊಡೆಸಿಕೊಂಡರು. ಹದಿನೈದು ದಿನ ಅವರ ತೋಟ ಚೆನ್ನಾಗಿಯೇ ಕಂಡಿತು. ನನ್ನನ್ನು ನೋಡಿ ನಕ್ಕರು ಕೂಡ. ಎರಡು ತಿಂಗಳ ಮೇಲೆ ಅವರಲ್ಲಿ ಮತ್ತೆ ಬಿಳಿ ಹಿಟ್ಟು, ಮೊದಲಿಗಿಂತ ಜಾಸ್ತಿ. ಭೂತಗನ್ನಡಿ ಕೊಟ್ಟು ತೋರಿಸಿದೆ. ಕಪ್ಪಾದ ಮರಿ ಹುಡುಕಿದರೂ ಸಿಗಲಿಲ್ಲ. ಬಿಳಿನೊಣ ಮೇಣದ ಹಿಟ್ಟು ಹೊದ್ದು ಕೂತಿರುತ್ತದೆ. ಬರಿ ಮೈಯಲ್ಲಿ ತಿರುಗುವ ಕಣಜಕ್ಕೆ ಆ ರಕ್ಷಣೆ ಎಲ್ಲಿದೆ? ವಿಷ ಮೊದಲು ತಾಗುವುದು ಅದಕ್ಕೇ.

ಸಂಶೋಧನಾ ಕೇಂದ್ರ ಬೇಡ ಎಂದದ್ದನ್ನು ಅದೇ ಜಿಲ್ಲೆಯಲ್ಲಿ ಸರಕಾರದ ದುಡ್ಡಿನಿಂದಲೇ ಮಾಡಿದ್ದು ಯಾವ ಲೆಕ್ಕ? ನನಗೆ ಇದಕ್ಕೆ ಉತ್ತರ ಬೇಕು. ಬರಹದಲ್ಲಿ ಬೇಕು. ಕನ್ನಡದಲ್ಲಿ ಬೇಕು.

ಕನ್ನಡ ಎಂದ ಮೇಲೆ ಮೂರನೇ ವಿಷಯಕ್ಕೆ ಬರುತ್ತೇನೆ. ಇದು ಭಾಷೆಯ ಜಗಳ ಎಂದು ದಯವಿಟ್ಟು ತಿಳಿಯಬೇಡಿ. ಹುಳುಗಳ ವಿಷಯವೇ.

ನಿಮ್ಮ ಕಚೇರಿಯಿಂದ ಒಂದು ಕರಪತ್ರ ಬಂತು. ಒಳ್ಳೆಯ ಕಾಗದ, ಚಂದದ ಬಣ್ಣದ ಚಿತ್ರಗಳು. ಎಡಗಡೆ ಶತ್ರುಕೀಟ, ಬಲಗಡೆ ಮಿತ್ರಕೀಟ. ಬರಹ ಪೂರ್ತಿ ಮಲಯಾಳದಲ್ಲಿ. ನಮ್ಮ ಊರಿನ ಹಿರಿಯರಿಗೆ ಮಲಯಾಳ ಮಾತಾಡಲು ಚೆನ್ನಾಗಿ ಬರುತ್ತದೆ, ಓದಲು ಬರುವುದಿಲ್ಲ. ಕಲಿತದ್ದು ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ ಇರಬಹುದು, ಓದುವುದು ಬರೆಯುವುದು ಮಾತ್ರ ಕನ್ನಡ. ಹೀಗಾಗಿ ಅವರು ಆ ಕರಪತ್ರದಲ್ಲಿ ಚಿತ್ರ ಮಾತ್ರ ನೋಡಿದರು. ಚಿತ್ರದಲ್ಲಿ ಕಂಡದ್ದೆಲ್ಲ ಕೊಲ್ಲಬೇಕಾದ ಹುಳು ಎಂದುಕೊಂಡರು.

ಸುಮ್ನೆ ಹೇಳುತ್ತಿಲ್ಲ. ನಮ್ಮ ಅತ್ತೆಯ ಮನೆಯ ಅಲಸಂಡೆ ಚಪ್ಪರದಲ್ಲಿ ನಾನೇ ನೋಡಿದೆ. ಬಳ್ಳಿಯ ಕುಡಿಗೆ ಕರಿ ಹೇನು ಮುತ್ತಿತ್ತು. ಎಳೆಯ ಕೋಡಿನ ತೊಟ್ಟು ಕಾಣದಷ್ಟು. ಆ ಹೇನಿನ ನಡುವೆ ಬೂದು ಬಣ್ಣದ, ಕಿತ್ತಳೆ ಚುಕ್ಕೆಯ, ಮೊಸಳೆಮರಿಯಂಥ ಹುಳುಗಳು ಓಡಾಡುತ್ತಿದ್ದವು. ಒಂದು ನಿಂತು ಒಂದು ಹೇನನ್ನು ಹಿಡಿಯಿತು. ಹಿಡಿದದ್ದನ್ನು ಹೀರಿ ಸಿಪ್ಪೆ ಮಾಡಿ ಮುಂದಿನದಕ್ಕೆ ಹೋಯಿತು. ನಾನು ನೋಡುತ್ತಾ ನಿಂತಿದ್ದೆ. ಅಷ್ಟರಲ್ಲಿ ಅತ್ತೆ ಕರಪತ್ರ ಹಿಡಿದುಕೊಂಡೇ ಬಂದರು. "ನೋಡು, ಇದರಲ್ಲಿ ಫೋಟೋ ಹಾಕಿದ್ದಾರೆ, ಇದೇ ಹುಳು ಅಲಸಂಡೆ ತಿನ್ನುವುದು" ಎಂದು ಎರಡು ಬೆರಳಲ್ಲಿ ಹಿಸುಕಿ ಹಿಸುಕಿ ಹಾಕಿದರು. ಅದು ಗುಲಗಂಜಿ ಹುಳುವಿನ ಮರಿ, ಅತ್ತೆ. ಮಿತ್ರ ಎಂದು ಹಾಕಿದ ಫೋಟೋ ಅದು. ಹೇಳುವಷ್ಟರಲ್ಲಿ ಚಪ್ಪರದ ಅರ್ಧ ಮುಗಿದಿತ್ತು.

ಅತ್ತೆಯನ್ನು ನೋಡಿ ನಗುವ ಹಕ್ಕು ನನಗಿಲ್ಲ. ನಲುವತ್ತು ವರ್ಷದ ತನಕ ನಾನೂ ಹಾಗೇ ಕೊಂದಿದ್ದೇನೆ. ಕೆಂಪಗೆ ದುಂಡಗೆ ಇರುವ ದೊಡ್ಡ ಗುಲಗಂಜಿ ಹುಳುವನ್ನು ಎಲ್ಲರೂ ಚಂದ ಎಂದು ಬಿಡುತ್ತಾರೆ. ಅದರ ಮರಿ ಕುರೂಪಿ, ಆದ್ದರಿಂದ ಕೊಲ್ಲುತ್ತಾರೆ. ಸೂರ್ಯನ ಕುದುರೆ, ಜೇಡ, ಏರೋಪ್ಲೇನ್ ಚಿಟ್ಟೆ, ಇವುಗಳ ಬಗ್ಗೆ ನಮಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ನೀವು ಹೇಳಲು ಹೊರಟಿರಿ, ಆದರೆ ನಮಗೆ ಓದಲು ಬಾರದ ಲಿಪಿಯಲ್ಲಿ ಹೇಳಿದಿರಿ.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು ಎಂದಿದೆ. ನಾನು ಈ ಪತ್ರವನ್ನು ಆ ಧೈರ್ಯದಿಂದಲೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀವು ತೆಂಕಣ ಜಿಲ್ಲೆಯಿಂದ ಬಂದವರು, ಕನ್ನಡ ಬರುವುದಿಲ್ಲ. ಇದನ್ನು ಯಾರಾದರೂ ನಿಮಗೆ ಓದಿ ಹೇಳಬೇಕಾಗುತ್ತದೆ. ಓದುವವರು ಸಿಗುವ ತನಕ ಕಾಗದ ಹಿಡಿದು ಕಾಯಬೇಕಾಗುತ್ತದೆ. ಆಗ ನಮ್ಮ ಅತ್ತೆಯ ಕಷ್ಟ ನಿಮಗೆ ಅರ್ಥವಾದೀತು.

ಇಷ್ಟು ಸಣ್ಣ ಹುಳುವಿಗಾಗಿ ಇಷ್ಟು ದೊಡ್ಡ ಪತ್ರವೇ ಎಂದು ಮೇಲಿನವರಿಗೆ ಅನಿಸಬಹುದು. ಅವರು ನಮ್ಮ ಜಿಲ್ಲೆಯ ಗೇರು ಗುಡ್ಡಗಳನ್ನು ಒಮ್ಮೆ ನೆನಪಿಸಿಕೊಳ್ಳಲಿ. 2000ದ ತನಕ, ಇಪ್ಪತ್ತಕ್ಕೂ ಹೆಚ್ಚು ವರ್ಷ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ನಮ್ಮಮ್ಮ ಬಾವಿಗೆ ಮಡಲು ಮುಚ್ಚಿ ಮೇಲೆ ಹಳೆ ಸೀರೆ ಹಾಸುತ್ತಿದ್ದಳು. ಮೇಲಿನಿಂದ ಬಿದ್ದದ್ದು ಮಡಲಿಗೂ ಸೀರೆಗೂ ಕೇಳುತ್ತದೆಯೇ? ಆಮೇಲೆ ಏನಾಯಿತೆಂದು ಲೋಕಕ್ಕೇ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆಯಿತು. ಹಾಸಿಗೆ ಹಿಡಿದ ಮಕ್ಕಳಿರುವ ಮನೆಗಳು ಇವತ್ತಿಗೂ ಇವೆ. ಆ ನೋವನ್ನು ನಾನಿಲ್ಲಿ ನನ್ನ ಆರು ಟ್ಯೂಬಿಗೆ ಹೋಲಿಸುತ್ತಿಲ್ಲ. ಹೋಲಿಸಬಾರದು.

ನಾನು ಕೇಳುವುದು ಬೇರೆ. ಅಷ್ಟೆಲ್ಲ ಸುರಿದದ್ದು ಯಾವ ಕೀಟಕ್ಕೆ? ಗೇರಿನ ಚಿಗುರನ್ನೂ ಹೂವನ್ನೂ ಚುಚ್ಚಿ ಹೀರುವ ಟೀ ಸೊಳ್ಳೆಗೆ. ಹೆಸರು ಸೊಳ್ಳೆ, ಜಾತಿಯಲ್ಲಿ ತಿಗಣೆ. ಆ ತಿಗಣೆಯನ್ನು ಗೇರಿನಲ್ಲಿ ನಿಲ್ಲಲು ಬಿಡದ ಜೀವ ಒಂದಿದೆ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ. ಮಲಯಾಳದವರು ನೀರ್ ಎನ್ನುತ್ತಾರೆ. ಸಾಲಾಗಿ ನಿಂತು ಎರಡು ಎಲೆಯ ಅಂಚನ್ನು ಎಳೆದು ಹಿಡಿಯುತ್ತವೆ, ಇನ್ನು ಕೆಲವು ತಮ್ಮ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಮರಿಯ ಬಾಯಿಂದ ಬರುವ ನೂಲಿನಿಂದ ಹೊಲಿಯುತ್ತವೆ. ಮರಿಯೇ ಅವಕ್ಕೆ ನೂಲಿನ ಉಂಡೆ! ಚಗಳಿ ಇರುವ ಮರದಲ್ಲಿ ಟೀ ಸೊಳ್ಳೆಯ ಕಾಟ ಕಮ್ಮಿ ಎಂದು ಗೇರು ಬೆಳೆಯುವ ಎಷ್ಟೋ ಕಡೆ ನೋಡಿ ತಿಳಿದಿದ್ದಾರೆ. ಚೀನಾದವರು ಕಿತ್ತಳೆ ತೋಟಕ್ಕೆ ಇದೇ ಇರುವೆಯ ಗೂಡು ಕೊಂಡು ತಂದು ಕಟ್ಟುತ್ತಿದ್ದರು ಎಂದು ಕ್ರಿ.ಶ. 304ರ ಬರಹದಲ್ಲಿದೆ. ಮರದಿಂದ ಮರಕ್ಕೆ ಇರುವೆ ಹೋಗಲು ಬಿದಿರಿನ ಸೇತುವೆ ಕೂಡ ಕಟ್ಟುತ್ತಿದ್ದರಂತೆ. ನಮ್ಮ ಗುಡ್ಡದಲ್ಲಿ ಗೂಡು ಪುಕ್ಕಟೆ ಇತ್ತು. ಸುರಿದ ವಿಷ ಟೀ ಸೊಳ್ಳೆಗೂ ಬಿತ್ತು, ಅದನ್ನು ತಿನ್ನುವ ಚಗಳಿಗೂ ಬಿತ್ತು.

ಚಗಳಿ ದೇವರಲ್ಲ. ಕಚ್ಚಿದರೆ ಕಣ್ಣಲ್ಲಿ ನೀರು ಬರುತ್ತದೆ. ಗೇರುಬೀಜ ಹೆಕ್ಕುವ ಹೆಂಗಸರಿಗೆ ಅದನ್ನು ಕಂಡರಾಗುವುದಿಲ್ಲ, ಅವರ ಮಾತೂ ಸರಿ. ಗಿಡದ ರಸ ಹೀರುವ ಹಿಟ್ಟು ತಿಗಣೆಯನ್ನು ದನ ಸಾಕಿದ ಹಾಗೆ ಸಾಕುವ ಕೆಟ್ಟ ಚಾಳಿಯೂ ಅದಕ್ಕಿದೆ. ಹಾಗೆಯೇ ನಾನು "ಯಾವ ಮದ್ದೂ ಬೇಡ" ಎನ್ನುವವನೂ ಅಲ್ಲ. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯದೆ ಇದ್ದರೆ ಕೊಳೆರೋಗ ಗೊನೆಯನ್ನೇ ಉದುರಿಸುತ್ತದೆ. ಹೊಡೆಯುತ್ತೇನೆ. ಅಡಿಕೆ ತೋಟ ಇದ್ದು ಹೊಡೆಯುವುದಿಲ್ಲ ಎನ್ನುವವರ ಲೆಕ್ಕ ನನಗೆ ಗೊತ್ತಾಗುವುದಿಲ್ಲ.

ಮಿತ್ರಕೀಟ ನಂಬಿದರೆ ಆಗುತ್ತದೆಯೇ ಎಂದು ಕೇಳುವವರಿಗೆ ಪಪ್ಪಾಯಿಯ ಕಥೆ ಹೇಳುತ್ತೇನೆ. 2008ರಲ್ಲಿ ಕೊಯಮತ್ತೂರಿನ ಕಡೆ ಪಪ್ಪಾಯಿಯ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು ಎಲ್ಲದಕ್ಕೂ ಹಬ್ಬಿತು. ರೈತರು ಹೊಡೆಯದ ಮದ್ದಿಲ್ಲ. ಮೈಮೇಲೆ ಮೇಣ ಇರುವ ಕೀಟಕ್ಕೆ ಮದ್ದು ನಾಟಲಿಲ್ಲ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದ ಕೀಟ ಸಂಸ್ಥೆಯವರು ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜ ತರಿಸಿ, ಪರೀಕ್ಷಿಸಿ, ಸಾಕಿ, ರೈತರಿಗೆ ಹಂಚಿದರು. ಅದರಲ್ಲಿ ಅಸೆರೋಫೇಗಸ್ ಎಂಬುದು ಗೆದ್ದಿತು. ಕೆಲವೇ ತಿಂಗಳಲ್ಲಿ ಹಿಟ್ಟು ತಿಗಣೆ ಮಂಡಿಯೂರಿತು. ಈಗ ನಮ್ಮ ಅಂಗಳದ ಪಪ್ಪಾಯಿಯಲ್ಲಿ ಅಲ್ಲೊಂದು ಇಲ್ಲೊಂದು ಕಾಣುತ್ತದೆ, ಅಷ್ಟೇ. 2020ರಲ್ಲಿ ನಮ್ಮ ಕೇರಳದಲ್ಲೇ, ತ್ರಿಶ್ಶೂರಿನಲ್ಲಿ, ಮರಗೆಣಸಿಗೆ ಬೇರೊಂದು ಹಿಟ್ಟು ತಿಗಣೆ ಬಂದಾಗ ಆಫ್ರಿಕದ ಬೆನಿನ್ ದೇಶದಿಂದ ಕಣಜ ತರಿಸಿದರು. ಸಾಗರ ದಾಟಿ ಬಂದ ಕಣಜ ಬದುಕಿ ಬರುತ್ತದೆ. ನಮ್ಮ ಜಿಲ್ಲೆಯೊಳಗೆ ಬಸ್ಸಿನಲ್ಲಿ ಬಂದದ್ದು ಕಪಾಟಿನ ಮೇಲೆ ಸಾಯುತ್ತದೆ.

ಈಗ ನಾನು ಬೇಡುವುದು.

ಜೀವಂತ ಕೀಟದ ಪಾರ್ಸೆಲ್ ರಜೆಯ ಹಿಂದಿನ ದಿನ ಹೊರಡದಿರಲಿ. ಸೋಮವಾರ ಹೊರಟು ಮಂಗಳವಾರ ಸಿಕ್ಕಿದರೆ ಆಯಿತು. ಹೊರಡುವ ದಿನವೇ ರೈತನಿಗೆ ಒಂದು ಫೋನು ಬರಲಿ, ನಾವೇ ಬಸ್‌ಸ್ಟ್ಯಾಂಡಿಗೆ ಹೋಗಿ ತರುತ್ತೇವೆ. ನಿಮ್ಮ ಕಚೇರಿಗೆ ಬರಬೇಕೆಂದೇ ಇಲ್ಲ. ಹೀಗೆ ಮಾಡಲು ಒಂದು ರೂಪಾಯಿಯ ಖರ್ಚಿಲ್ಲ, ಒಂದು ಆದೇಶ ಸಾಕು.

ರಿಜಿಸ್ಟರಿನಲ್ಲಿ "ಸಿಕ್ಕಿದೆ" ಎಂಬ ಕಾಲಮಿನ ಪಕ್ಕ "ಜೀವಂತವಾಗಿ ಸಿಕ್ಕಿದೆಯೇ" ಎಂಬ ಇನ್ನೊಂದು ಕಾಲಂ ಬೇಕು. ಮೂರು ವಾರ ಬಿಟ್ಟು ಯಾರಾದರೂ ಬಂದು ಮಡಲು ಮಗುಚಿ ನೋಡಿ, ಗೂಡಿನಲ್ಲಿ ಹುಳು ಎಷ್ಟು, ಕಣಜದ ಬಿಳಿ ಗೂಡು ಎಷ್ಟು ಎಂದು ಬರೆದುಕೊಳ್ಳಬೇಕು. ಆಗ ಸತ್ತದ್ದನ್ನು ಕೊಟ್ಟು ಲೆಕ್ಕ ಮುಗಿಸಲು ಆಗುವುದಿಲ್ಲ. ನನ್ನ ಹೆಸರಿನ ಎದುರು ಈಗ ಇರುವ 600 ಎಂಬುದನ್ನು ಹೊಡೆದು ಹಾಕಿ ಸೊನ್ನೆ ಎಂದು ತಿದ್ದಬೇಕು. ಇದು ನನ್ನ ವೈಯಕ್ತಿಕ ಬೇಡಿಕೆ, ಸ್ವಲ್ಪ ಹಟದ್ದು ಎಂದರೂ ಸರಿ.

ಕರಪತ್ರ, ಬೋರ್ಡು, ತರಬೇತಿ ಕನ್ನಡದಲ್ಲೂ ಆಗಲಿ. ಅನುವಾದಕ್ಕೆ ಜನ ಇಲ್ಲ ಎನ್ನುತ್ತೀರಿ. ನಮ್ಮ ಊರಿನ ಕನ್ನಡ ಶಾಲೆಯ ಟೀಚರುಗಳಿಗೆ ಎರಡೂ ಭಾಷೆ ಬರುತ್ತದೆ, ಕೇಳಿ ನೋಡಿ. ಎಲ್ಲಕ್ಕಿಂತ ಮೊದಲು ಗುಲಗಂಜಿ ಹುಳುವಿನ ಮರಿಯ ಚಿತ್ರದ ಕೆಳಗೆ "ಇದನ್ನು ಕೊಲ್ಲಬೇಡಿ" ಎಂದು ಎರಡು ಪದ ಹಾಕಿಸಿ.

ತೆಂಗಿಗೆ ಸಾಮೂಹಿಕವಾಗಿ ವಿಷ ಹೊಡೆಯುವ ಯಾವುದೇ ಯೋಜನೆ ಬಂದರೂ, ಮೊದಲು ಸಂಶೋಧನಾ ಕೇಂದ್ರದವರ ಒಪ್ಪಿಗೆಯ ಪತ್ರ ಪಂಚಾಯತಿನ ಗೋಡೆಗೆ ಅಂಟಿಸಿ. ಒಪ್ಪಿಗೆ ಇಲ್ಲದಿದ್ದರೆ ದುಡ್ಡು ವಾಪಸ್ ಹೋದರೂ ಪರವಾಗಿಲ್ಲ. ಮಾರ್ಚ್ 31ರ ಅವಸರಕ್ಕೆ ನಮ್ಮ ಕಣಜಗಳನ್ನು ಬಲಿ ಕೊಡಬೇಡಿ.

ಕೊನೆಯದು ಸ್ವಲ್ಪ ದೊಡ್ಡ ಆಸೆ. ಈ ಕೀಟಗಳನ್ನು ಸಾಕುವ ಒಂದು ಕೋಣೆ ನಮ್ಮ ಪಂಚಾಯತಿನಲ್ಲೇ ಆಗಬಾರದೇ? ಟ್ರೈಕೋ ಕಾರ್ಡಿಗೂ ಗೋನಿಯೋಜಸ್ಸಿಗೂ ಆಹಾರ ಒಂದೇ ಪತಂಗ. ನಮ್ಮ ಅಕ್ಕಿ ಡಬ್ಬದಲ್ಲಿ ಬಲೆ ಕಟ್ಟುತ್ತದಲ್ಲ, ಅದೇ. ಅದರ ಮೊಟ್ಟೆ ಟ್ರೈಕೋ ಕಾರ್ಡಿಗೆ, ಅದರ ಹುಳು ಗೋನಿಯೋಜಸ್ಸಿಗೆ. ಹಿಟ್ಟು ತಿಗಣೆ ತಿನ್ನುವ ಗುಲಗಂಜಿ ಹುಳುವನ್ನು ಸಾಕಲು ಸಿಹಿಕುಂಬಳಕಾಯಿ ಸಾಕು. ಕುಂಬಳದ ಮೇಲೆ ಹಿಟ್ಟು ತಿಗಣೆ ಬೆಳೆಸುವುದು, ಅದರ ಮೇಲೆ ಹುಳು ಬಿಡುವುದು. ತರಬೇತಿ ಕೊಟ್ಟರೆ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ಇದನ್ನು ನಮಗಿಂತ ಚೊಕ್ಕವಾಗಿ ಮಾಡುತ್ತಾರೆ. ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರಲು ಜಾಗ ಹುಡುಕುತ್ತಿರುವವರಿಗೆ ಇದೂ ಒಂದು ಸಂಪಾದನೆ. ತೋಟಕ್ಕೂ ಸಾಕುವ ಕೋಣೆಗೂ ನಡುವೆ ಎರಡು ಮೈಲಿ ಇದ್ದರೆ ಶನಿವಾರ ಭಾನುವಾರದ ತಾಪತ್ರಯವೇ ಇರುವುದಿಲ್ಲ.

ಒಂದು ಮಾತು ನಮ್ಮ ರೈತರ ಕಡೆಯಿಂದಲೂ ಒಪ್ಪಿಕೊಳ್ಳಬೇಕು. ನಮಗೆ ತಾಳ್ಮೆ ಕಮ್ಮಿ. ಮದ್ದು ಹೊಡೆದರೆ ಸಂಜೆಗೆ ಹುಳು ಕೆಳಗೆ ಬಿದ್ದಿರಬೇಕು, ಕಾಲಲ್ಲಿ ಒತ್ತಿ ನೋಡಬೇಕು, ಆಗಲೇ ಸಮಾಧಾನ. ಕಣಜದ ಕೆಲಸಕ್ಕೆ ವಾರಗಳು ಬೇಕು. ಹಾಗಿರುವಾಗ ಅಂಗಡಿಯಲ್ಲಿ ವಿಷದ ಬಾಟಲಿ ಅರ್ಧ ಗಂಟೆಯಲ್ಲಿ ಸಿಗುವುದು, ಕಣಜ ನಾಲ್ಕು ವಾರಕ್ಕೆ ಸತ್ತು ಬರುವುದು ಎಂದಾದರೆ ಯಾರು ಕಾಯುತ್ತಾರೆ? ಭಾವನವರು ಈ ವರ್ಷ ಕಾಯಲಿಲ್ಲ. ಅವರ ತೋಟದ ಕಪ್ಪು ತಲೆ ಹುಳುವಿಗೆ ಬಾಟಲಿಯೇ ತಂದರು. ನಾನು ಬೇಡ ಎನ್ನಲು ಬಾಯಿ ತೆರೆದೆ. ಅವರು ಜಗಲಿಯ ಕಿಟಕಿ ಕಡೆ ನೋಡಿದರು. ಸುಮ್ಮನಾದೆ.

ಕಪ್ಪು ತಲೆ ಹುಳುವಿನ ಕಾಟ ನಮ್ಮಲ್ಲಿ ಜನವರಿಯಿಂದ ಮೇ ತನಕ ಜೋರು. ಈಗ ಮಳೆ ಹಿಡಿದಿದೆ, ನಿಮಗೆ ಸಮಯ ಇದೆ. ಡಿಸೆಂಬರ್ ಕೊನೆಗೆ ನಾನು ಮತ್ತೆ ಒಂದು ಮಡಲು ಕಡಿಸಿ ನೋಡುತ್ತೇನೆ. ಹುಳು ಕಂಡರೆ ಮಾರನೇ ದಿನವೇ ನಿಮ್ಮಲ್ಲಿಗೆ ಬರುತ್ತೇನೆ. ಆರು ಟ್ಯೂಬನ್ನೂ ಆಗ ತೊಳೆದು ಒಣಗಿಸಿ ತರುತ್ತೇನೆ, ಮತ್ತೆ ತುಂಬಿಸಿ ಕೊಡಲು ಬರುತ್ತದೆ. ಅಲ್ಲಿಯ ತನಕ ಅವು ಕಿಟಕಿಯಲ್ಲೇ ಇರುತ್ತವೆ.

ಇತಿ ನಿಮ್ಮ ವಿಶ್ವಾಸಿ,
ಕಾಸರಗೋಡು ಜಿಲ್ಲೆಯ ಒಬ್ಬ ಕೃಷಿಕ